ಜಾಲಿ ಕಡಿದ ಮೇಲೆ ಬೇಲಿ ಕಂಡಿತು

ರಾಯಚೂರು ಜಿಲ್ಲೆಯ ಒಂದು 110 ಕೆವಿ ಸಬ್‌ಸ್ಟೇಷನ್ನಿನಲ್ಲಿ 11 ವರ್ಷ ಶಿಫ್ಟ್ ಮಾಡಿದ್ದೇನೆ. ಬೇಲಿ ಇರುವುದು ದನ ಒಳಗೆ ಬಾರದಿರಲಿ ಅಂತ, ಅಷ್ಟೇ ಅಂದುಕೊಂಡಿದ್ದೆ.

2022ರ ಡಿಸೆಂಬರ್ 3ರ ರಾತ್ರಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಯಾರೋ ಎರಡು ಸಬ್‌ಸ್ಟೇಷನ್‌ಗಳಿಗೆ ಗುಂಡು ಹೊಡೆದರು. ಸುಮಾರು 45,000 ಗ್ರಾಹಕರಿಗೆ ಕರೆಂಟ್ ಹೋಯಿತು, ಹಲವರಿಗೆ ದಿನಗಟ್ಟಲೆ. ಎರಡು ಪಕ್ಷಗಳ ನಡುವೆ ಸೀಳಿಹೋದ ರಾಜ್ಯ ಅದು. ಇದು ರಾಜಕೀಯದ ಕೆಲಸವೇ ಅಂತ ಗುಲ್ಲೆದ್ದಿತು, ಸಾಕ್ಷಿ ಮಾತ್ರ ಇರಲಿಲ್ಲ. ಎರಡು ತಿಂಗಳಾದ ಮೇಲೆ ಸಿಕ್ಕಿಬಿದ್ದ ಬೇರೊಂದು ಸಂಚಿನಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಹಿಟ್ಲರನ ಸಿದ್ಧಾಂತ ನಂಬುವ ನವ ನಾಜಿ ಬ್ರ್ಯಾಂಡನ್ ರಸೆಲ್ ಮತ್ತು ಜೊತೆಗಾತಿ, ಅಮೆರಿಕದ್ದೇ ಇನ್ನೊಂದು ನಗರ ಬಾಲ್ಟಿಮೋರ್ ಸುತ್ತಲಿನ ಸಬ್‌ಸ್ಟೇಷನ್‌ಗಳನ್ನು ಹಾಳುಮಾಡಲು ಹೊರಟಿದ್ದರು.

ಈ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಕೆಡಿಸಿದ್ದು ನಮ್ಮ ಟ್ರಾನ್ಸ್‌ಫಾರ್ಮರ್. ದೊಡ್ಡದನ್ನು ಆರ್ಡರ್ ಕೊಟ್ಟೇ ಮಾಡಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಭತ್ತ ಹೊಡೆ ಬರುವ ಹೊತ್ತಿಗೆ ಅದು ಹೋದರೆ?

ಮರುದಿನ ಟಾರ್ಚ್ ಹಿಡಿದು ಬೇಲಿ ಸುತ್ತಿದೆ. ಉತ್ತರದ ಬದಿ ಕಾಣಲೇ ಇಲ್ಲ. ಆಳೆತ್ತರದ ಬಳ್ಳಾರಿ ಜಾಲಿ! ಮೂರು ದಿನ ಕಡಿಸಿದೆವು. ಬುಡ ಕೀಳದಿದ್ದರೆ ಮತ್ತೆ ಚಿಗುರುತ್ತದೆ, ಹಾಗಾಗಿ ಬುಡವನ್ನೂ ತೆಗೆಸಿದೆವು. ಕಟ್ಟಿಗೆ ಒಯ್ಯಲು ಪಕ್ಕದ ಹಳ್ಳಿಯವರು ಬಂದರು. ಅಷ್ಟು ವರ್ಷದಲ್ಲಿ ಅವರ ಜೊತೆ ನಾನು ಕೂತು ಮಾತಾಡಿದ್ದು ಅದೇ ಮೊದಲು. ಅಲ್ಲಿ ಕುರಿ ಮೇಯಿಸುವ ಅಜ್ಜನಿಗೆ ನನ್ನ ನಂಬರ್ ಕೊಟ್ಟೆ.

ಆ ಬೇಸಿಗೆ, ಚುನಾವಣೆ ಬಿಸಿಯಲ್ಲಿ, ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಸಾಲುತ್ತಿಲ್ಲ ಅಂತ ರೈತರು ಗೇಟಿಗೆ ಮುತ್ತಿಗೆ ಹಾಕಿದರು. ಬೇರೆ ಬೇರೆ ಪಕ್ಷದ ಬಾವುಟ ಇದ್ದವು. ಪೊಲೀಸರನ್ನು ಕರೆಯೋಣ ಅಂದ ಜೊತೆಗಾರ. ನಾನು ಬೇಡ ಅಂದೆ. ಕರೆಂಟ್ ಕೇಳಲು ಬಂದವರನ್ನು ಕೆಡಿಸಲು ಬಂದವರಂತೆ ಕಾಣುವುದು ದೊಡ್ಡ ತಪ್ಪು, ಅಲ್ವಾ? ಹಿರಿಯರಿಬ್ಬರನ್ನು ಒಳಗೆ ಕೂರಿಸಿ ಲಾಗ್‌ಬುಕ್ ತೋರಿಸಿದೆ. ಊರುಗಳಿಗೆ ಕರೆಂಟ್ ಒಯ್ಯುವ ಯಾವ ಲೈನ್, ಅಂದರೆ ಫೀಡರ್, ಎಷ್ಟು ಹೊತ್ತಿಗೆ ಟ್ರಿಪ್ ಆಯಿತು, ಎಲ್ಲಾ ಅದರಲ್ಲಿತ್ತು. ಹೊರಗೆ ಒಬ್ಬ ಹುಡುಗ ಕಲ್ಲೆತ್ತಿದ. ಗುಂಪಿನವರೇ ಅವನ ಕೈ ಹಿಡಿದು ಇಳಿಸಿದರು.

ಮಳೆಗಾಲದ ಒಂದು ರಾತ್ರಿ ಅಜ್ಜನ ಫೋನ್ ಬಂತು. "ಸಾಹೇಬ್ರ, ಬೇಲಿ ಕಡೆ ಯಾರೋ ಇಬ್ರು ಅದಾರ್ರೀ."

ಲೈಟ್ ಹಾಕಿ ಓಡಿದೆವು. ತಾಮ್ರದ ಕಳ್ಳರು ಕತ್ತಲಲ್ಲಿ ಪರಾರಿಯಾದರು. ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿ ಅರ್ಧ ಕತ್ತರಿಸಿತ್ತು. ಅದಿಲ್ಲದೆ ಫಾಲ್ಟ್ ಆದರೆ ಯಾರ್ಡಿನಲ್ಲಿ ನಿಂತವನ ಜೀವಕ್ಕೇ ಅಪಾಯ. ಬೆಳಗಾಗುವ ಮುಂಚೆ ಹೊಸ ಪಟ್ಟಿ ಬೋಲ್ಟ್ ಮಾಡಿದೆವು. ಅಜ್ಜ ಬೇಲಿಯಾಚೆ ನಿಂತು ನಮಗೆ ಟಾರ್ಚ್ ಹಿಡಿದಿದ್ದ.