ಹೂವಿಗಿಂತ ಮೊದಲು ಹಿನ್ನೆಲೆ ಹುಡುಕಿ

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಹೂವಿಗೆ ತಾಗುವಷ್ಟು ಹತ್ತಿರ ಮೊಬೈಲ್ ಹಿಡಿದು ಕ್ಲಿಕ್ಕಿಸುವವರು, ಸೇವಂತಿಗೆಯ ನೆತ್ತಿಯ ಮೇಲೆ ಯಾರದೋ ಕೆಂಪು ಅಂಗಿ ಕುಳಿತಿರುವುದನ್ನು ಗಮನಿಸುವುದು ಮನೆಗೆ ಹೋದ ಮೇಲೆಯೇ. ಚಿತ್ರದ ಭಾವವನ್ನು ಅರ್ಧಕ್ಕರ್ಧ ನಿರ್ಧರಿಸುವುದು ಹಿನ್ನೆಲೆ.

ಬೆಳಗಿನ ಎಳೆಬಿಸಿಲಿನಲ್ಲಿ, ಹುಳು ತಿನ್ನದ ಹೂವೊಂದನ್ನು ಆರಿಸಿಕೊಳ್ಳಿ. ಆಮೇಲೆ ಅದರ ಸುತ್ತ ಒಂದು ಸುತ್ತು ಬನ್ನಿ. ಅದೇ ಬಿಳಿ ದಾಸವಾಳ ನೆರಳಿನ ಹಸಿರೆಲೆಗಳ ಮುಂದೆ ಶಾಂತವಾಗಿ, ಕೆಳಗಿನಿಂದ ಆಕಾಶಕ್ಕೆ ಹಿಡಿದಾಗ ಹಗುರವಾಗಿ, ಕಪ್ಪಿನ ಮುಂದೆ ಗಂಭೀರವಾಗಿ ಕಾಣುತ್ತದೆ. ಹಿಂದಿನ ಗೋಡೆ ಒಂದು ಗೇಣು ದೂರದಲ್ಲಿದ್ದರೆ ಅದರ ಬಿರುಕುಗಳೂ ಚಿತ್ರಕ್ಕೆ ಬರುತ್ತವೆ. ನಾಲ್ಕೈದು ಅಡಿ ಹಿಂದಿದ್ದರೆ ಅದು ಬರೀ ಬಣ್ಣವಾಗಿ ಕರಗುತ್ತದೆ. ಕ್ಯಾಮೆರಾ ಇರುವವರು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, f/4ರಿಂದ f/5.6ರೊಳಗೆ ಇಟ್ಟು ಶುರುಮಾಡಬಹುದು.

ಹೆಚ್ಚಿನವರು ಎಡವುವುದು ಕಪ್ಪು ಹಿನ್ನೆಲೆಯಲ್ಲಿ. ಅಂಗಡಿಯ ಕಪ್ಪು ಚಾರ್ಟ್ ಹಾಳೆಯನ್ನು ಹೂವಿಗೆ ಅಂಟಿಸಿದಂತೆ ಹಿಡಿದರೆ ಅದು ಬಿಸಿಲಿಗೆ ಹೊಳೆದು ಬೂದಿಬಣ್ಣಕ್ಕೆ ತಿರುಗುತ್ತದೆ. ಅದರ ಬದಲು ಬೆಳಕನ್ನು ನುಂಗುವ ಕಪ್ಪು ಮಖಮಲ್ ಬಟ್ಟೆಯನ್ನೇ ಬಳಸಿ. ಬಟ್ಟೆಯನ್ನು ಎರಡು ಮೂರು ಅಡಿ ಹಿಂದೆ, ನೆರಳಿನಲ್ಲಿ, ಸುಕ್ಕಿಲ್ಲದಂತೆ ತೂಗುಹಾಕಿ, ಹೂವಿನ ಮೇಲೆ ಮಾತ್ರ ಬೆಳಕು ಬೀಳುವಂತೆ ಕುಂಡವನ್ನು ಸರಿಸಿ. ಇಷ್ಟಾದರೂ ಮೊದಲ ಚಿತ್ರ ಕೆಡುವುದೇ ಹೆಚ್ಚು, ಏಕೆಂದರೆ ಚೌಕಟ್ಟಿನ ತುಂಬ ಕಪ್ಪನ್ನೇ ಕಂಡ ಕ್ಯಾಮೆರಾ ಬೆಳಕು ಸಾಲದೆಂದು ಭಾವಿಸಿ ಎಲ್ಲವನ್ನೂ ಬೆಳಗಿಸುತ್ತದೆ, ಬಟ್ಟೆ ಮಂಕಾಗುತ್ತದೆ, ಬಿಳಿ ದಳದ ನರಗಳು ಅಳಿಸಿಹೋಗುತ್ತವೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, 1 ಸ್ಟಾಪ್ (ಅರ್ಧಕ್ಕೆ) ಇಳಿಸಿ ನೋಡಿ, ಸಾಲದಿದ್ದರೆ ಇನ್ನರ್ಧ ಸ್ಟಾಪ್ ಇಳಿಸಿ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು, ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆಳೆಯಿರಿ. ದಳದ ನರಗಳು ಮತ್ತೆ ಕಂಡ ಕ್ಷಣ ನಿಲ್ಲಿಸಿ. ಆಕಾಶದ ಮುಂದೆ ಇದೇ ಲೆಕ್ಕ ತಿರುಗುಮುರುಗು: ಅಲ್ಲಿ ಏರಿಸಬೇಕು.

ಹಿನ್ನೆಲೆಯನ್ನು ತಾನೇ ಮಸುಕಾಗಿಸುವ ಮೊಬೈಲಿನ ಪೋರ್ಟ್ರೇಟ್ ಮೋಡ್ ಒತ್ತಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ದಾಸವಾಳದ ನಡುವಿನಿಂದ ಚಾಚಿದ ಕೇಸರದ ದಂಡವನ್ನು ಅದು ಹಿನ್ನೆಲೆಯೆಂದು ಬಗೆದು ಮಸುಕಾಗಿಸುವುದನ್ನು ಕಂಡ ಮೇಲೆ ನಾನು ಹೂವಿಗೆ ಅದನ್ನು ಬಳಸಿಲ್ಲ. ಮಸುಕು ಹಸಿರನ್ನು ಮುದ್ರಿಸಿದ ಹೊಳೆಯುವ ಹಾಳೆಗಳಿಗೂ ದುಡ್ಡು ಸುರಿಯಬೇಡಿ.

ಹಳದಿ ಸೇವಂತಿಗೆಯ ಹಿಂದೆ ನೇರಳೆ ಬಟ್ಟೆಯಿದ್ದರೆ ಹಬ್ಬದ ಕಳೆ ಬರುತ್ತದೆ, ಒಣಹುಲ್ಲಿನ ಬಣ್ಣವಿದ್ದರೆ ಸಂಜೆಯ ಮೃದುತ್ವ. ನನಗೆ ಎರಡನೆಯದೇ ಇಷ್ಟ. ಕೊನೆಗೆ ಚೌಕಟ್ಟಿನ ನಾಲ್ಕೂ ಅಂಚನ್ನು ನೋಡಿ. ಎಲೆಗಳ ಸಂದಿನಲ್ಲಿ ಬಿಳಿ ಚುಕ್ಕೆಯೊಂದು ಮಿನುಗುತ್ತಿದ್ದರೆ ಕೊಂಬೆಯನ್ನು ಕತ್ತರಿಸಬೇಡಿ, ನೀವೇ ನಾಲ್ಕು ಬೆರಳು ಪಕ್ಕಕ್ಕೆ ಸರಿಯಿರಿ.