ಹೆಸರು ಬರೆಯದೆ ಲೆಕ್ಕ ಇಡುವುದು: ಕಲಬುರಗಿಯ ಎರಡು ತಾಲ್ಲೂಕುಗಳ ನನ್ನ ಅನುಭವ

ನಮ್ಮ ಮಹಿಳಾ ಗುಂಪು ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳಲ್ಲಿ ಕೌಟುಂಬಿಕ ದೌರ್ಜನ್ಯದ ಅಂಕಿ-ಅಂಶ ಸಂಗ್ರಹಿಸಲು ಹೊರಟಾಗ, ಕಚೇರಿಗಳಲ್ಲಿ ಇರುವುದನ್ನು ಒಂದೆಡೆ ಬರೆದುಕೊಂಡರೆ ಕೆಲಸ ಮುಗಿಯುತ್ತದೆ ಎಂದು ನಂಬಿದ್ದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು. ಆದರೆ ಆ ಪ್ರಶ್ನೆಗಳನ್ನು ಆಯ್ದ ಕೆಲವೇ ಮನೆಗಳಲ್ಲಿ, ಮನೆಗೊಬ್ಬ ಮಹಿಳೆಗೆ ಮಾತ್ರ ಕೇಳುವುದರಿಂದ ಸಿಗುವುದು ರಾಜ್ಯದ ಚಿತ್ರ, ಜಿಲ್ಲೆಯದ್ದಲ್ಲ. ‘ನಮ್ಮ ಕಡೆ ಇಂಥದ್ದು ಕಡಿಮೆ’ ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ, ಎದುರಿಗಿಡಲು ನಮ್ಮ ಬಳಿ ಒಂದು ಹಾಳೆಯೂ ಇರಲಿಲ್ಲ.

ಲೆಕ್ಕ ಇರುವುದು ಬೇರೆ ಬೇರೆ ಕಡೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆದದ್ದು ಒಂದು ಕಡೆ, ತಿಳಿ ಹೇಳಿ ಕಳುಹಿಸಿದ ಅರ್ಜಿ ಇನ್ನೊಂದು ಕಡೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಎಂಎಲ್‌ಸಿ ರಿಜಿಸ್ಟರ್ ಇದೆ, ಹಿಂಸೆಗೊಳಗಾದ ಮಹಿಳೆಯರಿಗೆ ಒಂದೇ ಕಡೆ ನೆರವು ನೀಡುವ ಸಖಿ ಕೇಂದ್ರದಲ್ಲಿ ಅದರದ್ದೇ ಕಡತವಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ಬಳಿ ಕೌಟುಂಬಿಕ ಘಟನಾ ವರದಿಗಳಿವೆ. ಒಂದರಲ್ಲಿ ಎಣಿಸುವುದು ಪ್ರಕರಣವನ್ನು, ಇನ್ನೊಂದರಲ್ಲಿ ಗಾಯವನ್ನು, ಮತ್ತೊಂದರಲ್ಲಿ ಭೇಟಿಯನ್ನು. ಇವನ್ನು ಹಾಗೆಯೇ ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ.

ಇದು ನನಗೆ ತಿಳಿದದ್ದು ಒಬ್ಬ ತಾಯಿಯಿಂದ. ಆಕೆ ರಾತ್ರಿ ಆಸ್ಪತ್ರೆಗೆ ಹೋಗಿದ್ದಳು, ಮರುದಿನ ಠಾಣೆಗೆ, ವಾರದ ಮೇಲೆ ಸಿಡಿಪಿಒ ಕಚೇರಿಗೆ. ಒಂದು ಕಡೆ ಗಂಡನ ಮನೆಯ ಹೆಸರು, ಇನ್ನೊಂದು ಕಡೆ ತವರಿನ ಹೆಸರು. ವಯಸ್ಸು ಒಂದರಲ್ಲಿ 24, ಮತ್ತೊಂದರಲ್ಲಿ 27. ನಮ್ಮ ಮೊದಲ ಪಟ್ಟಿಯಲ್ಲಿ ಆಕೆ ಮೂವರು ಹೆಂಗಸರಾಗಿದ್ದಳು. ಆಮೇಲೆ ನೆರವು ಕೇಳಿ ಬಂದವರಿಂದಲೇ, ಅವರು ಒಪ್ಪಿದರೆ ಮಾತ್ರ, ಒಂದು ಗುರುತು ಕಟ್ಟಿಕೊಂಡೆವು: ತಾಯಿಯ ಹೆಸರಿನ ಮೊದಲ ಅಕ್ಷರ, ತವರೂರಿನ ಮೊದಲ ಅಕ್ಷರ, ತವರಿನಲ್ಲಿ ಆಕೆ ಎಷ್ಟನೆಯ ಮಗು ಎಂಬ ಸಂಖ್ಯೆ. ಹುಟ್ಟಿದ ದಿನ ಹಲವರಿಗೆ ಗೊತ್ತಿರುವುದಿಲ್ಲ, ಆದರೆ ಇವು ಮೂರನ್ನು ಯಾರೂ ಮರೆಯುವುದಿಲ್ಲ.

ಹಳ್ಳಿಯಲ್ಲಿ ಕೇಳುವ ರೀತಿಯನ್ನೂ ಬದಲಿಸಬೇಕಾಯಿತು. ‘ದೌರ್ಜನ್ಯ ಆಗ್ಯಾದೇನು?’ ಎಂದರೆ ‘ಹಂಗೇನಿಲ್ರೀ ಅಕ್ಕೋರೆ’ ಎನ್ನುತ್ತಿದ್ದವರು, ಕಪಾಳಕ್ಕೆ ಹೊಡೆದದ್ದುಂಟೇ, ಕೂದಲು ಹಿಡಿದು ಎಳೆದದ್ದುಂಟೇ, ರಾತ್ರಿ ಮನೆಯ ಹೊರಗೆ ನಿಲ್ಲಿಸಿದ್ದುಂಟೇ ಎಂದು ಒಂದೊಂದಾಗಿ ಕೇಳಿದಾಗ ತಲೆ ತಗ್ಗಿಸಿ ಹೌದೆನ್ನುತ್ತಿದ್ದರು. ತಾಂಡಾಗಳಲ್ಲಿ ಲಂಬಾಣಿ, ತೆಲಂಗಾಣದ ಗಡಿಯ ಊರುಗಳಲ್ಲಿ ತೆಲುಗು ಬಲ್ಲ ಕಾರ್ಯಕರ್ತೆ ಇಲ್ಲದೆ ಹೋಗುತ್ತಿರಲಿಲ್ಲ. ಅತ್ತೆಯೋ ಮೈದುನನೋ ಒಳಗೆ ಬಂದರೆ ತಕ್ಷಣ ಮಾತು ಹೊರಳಿಸಲು ರೇಷನ್ ಕಾರ್ಡಿನ ಪ್ರಶ್ನೆಗಳ ಹಾಳೆಯೊಂದು ಮೇಲೆಯೇ ಇರುತ್ತಿತ್ತು. ಹಣದ ಹಿಂಸೆ ಕಾಯ್ದೆಯಲ್ಲಿ ಸ್ಪಷ್ಟವಾಗಿದ್ದರೂ ದಾಖಲೆಗಳಲ್ಲಿ ಬಹುತೇಕ ಕಾಣಲಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಯಾರ ಕೈಯಲ್ಲಿ ಉಳಿಯುತ್ತದೆ, ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ ಎಂದು ಕೇಳತೊಡಗಿದ ಮೇಲೆಯೇ ಅದು ಹೊರಗೆ ಬಂತು.

ನನ್ನ ದೊಡ್ಡ ತಪ್ಪು ನಡೆದದ್ದು ವರದಿ ಮಾಡುವಾಗ. ಮೊದಲ ವರದಿಯಲ್ಲಿ ಊರುವಾರು ಕೋಷ್ಟಕ ಹಾಕಿದ್ದೆ. ಒಂದು ಸಣ್ಣ ತಾಂಡಾದ ಎದುರು, ಸುಟ್ಟ ಗಾಯದ ಅಂಕಣದಲ್ಲಿ ‘1’ ಎಂದಿತ್ತು. ಅದು ಯಾರೆಂದು ಆ ತಾಂಡಾದ ಎಲ್ಲರಿಗೂ ಗೊತ್ತಿತ್ತು. ಆಕೆ ಸಂಘಕ್ಕೆ ಬರುವುದನ್ನು ಮನೆಯವರು ನಿಲ್ಲಿಸಿದರು. ನಾನು ಹೋಗಿ ಕುಳಿತಾಗ ಆಕೆ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: ‘ನೀವು ಹೆಸರ ಬರೀಲಿಲ್ಲ ಖರೆ, ಆದ್ರ ಊರ ಬರದ್ರಲ್ಲಾ.’

ಅಂದಿನಿಂದ ವರದಿಯಲ್ಲಿ ಊರಿನ ಹೆಸರು ಬರುವುದಿಲ್ಲ, ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಅಚ್ಚು ಮಾಡುವುದಿಲ್ಲ. ಕೋಷ್ಟಕದ ಒಂದು ಚೌಕವನ್ನು ಮಾತ್ರ ಖಾಲಿ ಬಿಟ್ಟು ಒಟ್ಟು ಮೊತ್ತ ಕೊಟ್ಟರೆ ಕಳೆದು ನೋಡಿ ಅದನ್ನು ಕಂಡುಹಿಡಿಯಬಹುದು, ಆದ್ದರಿಂದ ಅದರ ಜೊತೆ ಇನ್ನೊಂದು ಚೌಕವನ್ನೂ ಮುಚ್ಚುತ್ತೇವೆ. ರಿಜಿಸ್ಟರಿನ ಫೋಟೊ ಯಾರೂ ಮೊಬೈಲಿನಲ್ಲಿ ತೆಗೆಯುವಂತಿಲ್ಲ. ನೆರವಿಗೆ ಕೊಟ್ಟ ಒಪ್ಪಿಗೆ ಬೇರೆ, ಲೆಕ್ಕಕ್ಕೆ ಸೇರಿಸಲು ಕೊಡುವ ಒಪ್ಪಿಗೆ ಬೇರೆ. ಎರಡನೆಯದಕ್ಕೆ ಬೇಡವೆಂದವಳಿಗೂ ಮೊದಲನೆಯದು ಪೂರ್ತಿ ಸಿಗಬೇಕು.

ಸಂಖ್ಯೆಯ ಏರಿಳಿತವನ್ನು ಓದುವುದರಲ್ಲಿಯೂ ಎಚ್ಚರ ಬೇಕು. 2024ರ ಜುಲೈ 1ರಿಂದ ಗಂಡನ ಮನೆಯವರ ಕ್ರೌರ್ಯದ ಹೊಸ ಪ್ರಕರಣಗಳು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 498ಎ ಬದಲು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ ದಾಖಲಾಗುತ್ತಿವೆ. ಎರಡನ್ನೂ ಸೇರಿಸದಿದ್ದರೆ ಅಪರಾಧವೇ ಇಳಿದಂತೆ ಕಾಣುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬೈ ಕಡೆ ದುಡಿಯಲು ಹೋದಾಗ ನಮ್ಮ ದಾಖಲೆ ತೆಳುವಾಗುತ್ತದೆ. ಹಿಂಸೆ ನಿಂತಿರುವುದಿಲ್ಲ, ಆಕೆ ಹೇಳಿಕೊಳ್ಳುವ ಜಾಗ ದೂರವಾಗಿರುತ್ತದೆ. ಆದ್ದರಿಂದ ಪ್ರತಿ ಕೋಷ್ಟಕದ ಕೆಳಗೆ, ಇದು ನೆರವು ಕೇಳಿ ಬಂದವರ ಸಂಖ್ಯೆ ಮಾತ್ರ ಎಂದು ಬರೆಯುತ್ತೇವೆ. ವರದಿ ಜಿಲ್ಲೆಗೆ ಹೋಗುವ ಮೊದಲು ಸಂಘದಲ್ಲಿ ಓದಿ ಹೇಳುವ ಪದ್ಧತಿಯೂ ಬಂದಿದೆ. ಕಳೆದ ಸಲ ಅಲ್ಲಿ ಕುಳಿತ ಹೆಂಗಸರೇ ಒಂದು ಅಂಕಣ ಸೇರಿಸಲು ಹೇಳಿದರು: ಅರ್ಜಿ ಕೊಟ್ಟ ಮೇಲೆ ಆಕೆ ಈಗ ಎಲ್ಲಿ ಮಲಗುತ್ತಾಳೆ.