ಎಕ್ಸ್‌ಎಸ್‌ಎಲ್‌ಟಿಯಲ್ಲಿ ಷರತ್ತು ಬರೆಯುವುದು ಹೇಗೆ?

ಎಕ್ಸ್‌ಎಸ್‌ಎಲ್‌ಟಿ ಎಂದರೆ ಎಕ್ಸ್‌ಎಂಎಲ್ ಫೈಲನ್ನು, ಅಂದರೆ ಮಾಹಿತಿಯನ್ನು ಟ್ಯಾಗ್‌ಗಳಲ್ಲಿ ಇಟ್ಟಿರುವ ಫೈಲನ್ನು, ಬೇರೆ ರೂಪಕ್ಕೆ ಬದಲಿಸುವ ಭಾಷೆ. ಹೀಗೆ ವೆಬ್ ಪುಟವಾಗಿ ಬದಲಿಸುವಾಗ ‘ಹೀಗಿದ್ದರೆ ಇದನ್ನು ತೋರಿಸು, ಇಲ್ಲದಿದ್ದರೆ ಅದನ್ನು’ ಎಂದು ಹೇಳಬೇಕಾಗುತ್ತದೆ. ಟ್ಯಾಗ್‌ಗಳನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಎಡವುವುದು ಆ ಟ್ಯಾಗ್‌ನ ‘ಟೆಸ್ಟ್’ ಒಳಗೆ ಬರೆಯುವ ಸಾಲಿನಲ್ಲಿ.

ಮೊದಲು ಟ್ಯಾಗ್ ಆರಿಸಿ. ಒಂದೇ ಷರತ್ತು ಇದ್ದರೆ ‘ಇಫ್’. ಎರಡು ಅಥವಾ ಜಾಸ್ತಿ ದಾರಿ ಇದ್ದರೆ ‘ಚೂಸ್’, ಅದರೊಳಗೆ ‘ವೆನ್’ಗಳು, ಕೊನೆಗೆ ‘ಅದರ್‌ವೈಸ್’. 1999ರ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲೂ, 2017ರ 3.0ರಲ್ಲೂ ಇಫ್ ಟ್ಯಾಗ್‌ಗೆ ಎಲ್ಸ್ (‘ಇಲ್ಲದಿದ್ದರೆ’ ಭಾಗ) ಇಲ್ಲ. ಅದಕ್ಕೇ ಕೆಲವರು ಎರಡು ಇಫ್ ಬರೆದು, ಎರಡನೆಯದರಲ್ಲಿ ಷರತ್ತನ್ನು ತಿರುಗಿಸಿಡುತ್ತಾರೆ. ಬೇಡ. ನಾಳೆ ಒಂದನ್ನು ತಿದ್ದುತ್ತೀರಿ, ಇನ್ನೊಂದು ಮರೆತುಹೋಗುತ್ತದೆ.

ಈಗ ಟೆಸ್ಟ್. ಇಲ್ಲಿ ಆತುರ ಬೇಡ. ಒಳಗೆ ಬರೆಯುವುದು ಎಕ್ಸ್‌ಪಾತ್, ಅಂದರೆ ಎಕ್ಸ್‌ಎಂಎಲ್ ಒಳಗಿನ ಭಾಗಗಳನ್ನು ಹುಡುಕುವ, ಹೋಲಿಸುವ ಪುಟ್ಟ ಭಾಷೆ. ‘ಸ್ಟೇಟಸ್’ ಆಟ್ರಿಬ್ಯೂಟ್‌ನಲ್ಲಿ (ಟ್ಯಾಗ್ ಒಳಗೇ ಹೆಸರು, ಬೆಲೆ ಎಂದು ಬರೆದಿರುವ ಮಾಹಿತಿ) ‘ಓಪನ್’ ಇದೆಯೇ ನೋಡಬೇಕು ಅಂದುಕೊಳ್ಳಿ. ಆಟ್ರಿಬ್ಯೂಟ್ ಹೆಸರಿಗೆ ಮೊದಲು @ ಬೇಕು, ಓಪನ್ ಸುತ್ತ ಸಿಂಗಲ್ ಕೋಟ್ ಬೇಕು. ಕೋಟ್ ಬಿಟ್ಟರೆ ಪ್ರೊಸೆಸರ್ (ಎಕ್ಸ್‌ಎಸ್‌ಎಲ್‌ಟಿಯನ್ನು ನಡೆಸುವ ತಂತ್ರಾಂಶ) ‘ಓಪನ್’ ಹೆಸರಿನ ಎಲಿಮೆಂಟ್, ಅಂದರೆ ಆ ಹೆಸರಿನ ಟ್ಯಾಗ್ ಇರುವ ಭಾಗ, ಹುಡುಕಲು ಹೋಗುತ್ತದೆ. ಅಂಥದ್ದು ಇರುವುದಿಲ್ಲ, ಷರತ್ತು ಸುಳ್ಳಾಗುತ್ತದೆ. ಎರರ್ ಕೂಡ ಬರುವುದಿಲ್ಲ! ಇನ್ನು ಕೋಟ್ ಒಳಗೆ ‘ಫಾಲ್ಸ್’ ಎಂದಷ್ಟೇ ಬರೆದರೆ ಅದು ನಿಜ ಎಂದಾಗುತ್ತದೆ. ಖಾಲಿಯಲ್ಲದ ಯಾವ ಪದವೂ ಎಕ್ಸ್‌ಪಾತ್‌ಗೆ ನಿಜವೇ.

ಎಲ್ಲಕ್ಕಿಂತ ಮೋಸ ಮಾಡುವುದು != ಚಿಹ್ನೆ. ‘ಸ್ಟೇಟಸ್ ಕ್ಲೋಸ್ಡ್ ಅಲ್ಲದ ದಾಖಲೆಗಳನ್ನೆಲ್ಲ ತೋರಿಸು’ ಎಂದು ಇದನ್ನು ಬಳಸಿದರೆ, ಸ್ಟೇಟಸ್ ಆಟ್ರಿಬ್ಯೂಟೇ ಇಲ್ಲದ ದಾಖಲೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಹೋಲಿಸಲು ಏನೂ ಇಲ್ಲದಿದ್ದರೆ ಉತ್ತರ ಸುಳ್ಳು. ಒಂದು ಆರ್ಡರ್‌ನಲ್ಲಿ ಹಲವು ಐಟಂ ಇದ್ದರೆ ಉಲ್ಟಾ ತೊಂದರೆ: ಒಂದೇ ಒಂದು ಬೇರೆಯಾಗಿದ್ದರೂ != ನಿಜವಾಗುತ್ತದೆ. ಹಾಗಾಗಿ = ಬಳಸಿ ಹೋಲಿಸಿ, ಇಡೀ ಹೋಲಿಕೆಯನ್ನು ‘ನಾಟ್’ ಒಳಗೆ ಹಾಕಿ. ಯಾವಾಗಲೂ ಹೀಗೇ ಬರೆಯಿರಿ.

< ಚಿಹ್ನೆಯನ್ನು ಟೆಸ್ಟ್ ಒಳಗೆ ನೇರವಾಗಿ ಬರೆಯುವ ಹಾಗಿಲ್ಲ, ಎಕ್ಸ್‌ಎಂಎಲ್ ಒಪ್ಪುವುದಿಲ್ಲ. ಎರಡು ಬದಿಗಳನ್ನು ಅದಲುಬದಲು ಮಾಡಿ > ಹಾಕುವುದು ಸುಲಭ.

ವೆನ್‌ಗಳಲ್ಲಿ ಮೊದಲು ನಿಜವಾದದ್ದೇ ಗೆಲ್ಲುತ್ತದೆ, ಉಳಿದವನ್ನು ನೋಡುವುದೇ ಇಲ್ಲ. ಅಂಕ 35ಕ್ಕಿಂತ ಜಾಸ್ತಿ ಎಂಬುದನ್ನು ಮೇಲಿಟ್ಟರೆ, 90ರ ಷರತ್ತಿಗೆ ಸರದಿ ಬರುವುದೇ ಇಲ್ಲ. ಕಟ್ಟುನಿಟ್ಟಾದದ್ದು ಮೇಲಿರಲಿ.

ವೇರಿಯಬಲ್‌ಗೆ ಷರತ್ತಿನ ಮೇಲೆ ಬೆಲೆ ಕೊಡಬೇಕೇ? ವೆನ್ ಒಳಗೆ ವೇರಿಯಬಲ್ ಮಾಡಿದರೆ ಹೊರಗೆ ಅದು ಕಾಣುವುದಿಲ್ಲ. ವೇರಿಯಬಲ್ ಹೊರಗಿರಲಿ, ಚೂಸ್ ಅದರೊಳಗಿರಲಿ. 2007ರ 2.0 ಬಂದ ಮೇಲೆ ಎಕ್ಸ್‌ಪಾತ್‌ನಲ್ಲೇ ಇಫ್-ದೆನ್-ಎಲ್ಸ್ ಬರೆಯಬಹುದು, ಆದರೆ ಅಲ್ಲಿ ಎಲ್ಸ್ ಕಡ್ಡಾಯ. ಬ್ರೌಸರ್ ಒಳಗೇ ಇರುವ ಪ್ರೊಸೆಸರ್‌ಗೆ 1.0 ಮಾತ್ರ ಗೊತ್ತು, ಅಲ್ಲಿ ಇದು ನಡೆಯುವುದಿಲ್ಲ.

ಎಳೆದು ಜೋಡಿಸುವ ಟೂಲ್‌ಗಳು ಚೂಸ್ ಒಳಗೆ ಚೂಸ್ ತುರುಕಿ ಕೊಡುತ್ತವೆ. ಅದನ್ನು ಹಾಗೇ ಉಳಿಸಿಕೊಳ್ಳಬೇಡಿ. ಟೆಂಪ್ಲೇಟ್ ಎಂದರೆ ಒಂದು ಬಗೆಯ ಎಲಿಮೆಂಟ್ ಸಿಕ್ಕಾಗ ಏನು ಮಾಡಬೇಕೆಂದು ಹೇಳುವ ತುಂಡು; ಯಾವ ಎಲಿಮೆಂಟ್ ಎಂಬುದು ಅದರ ‘ಮ್ಯಾಚ್’ನಲ್ಲಿರುತ್ತದೆ. ಷರತ್ತನ್ನು ಆ ‘ಮ್ಯಾಚ್’ನಲ್ಲೇ ಚೌಕ ಆವರಣದೊಳಗೆ ಬರೆಯಿರಿ. ಬರೀ ಹೆಸರಿನ ಟೆಂಪ್ಲೇಟ್‌ಗೆ ಆದ್ಯತೆ 0, ಷರತ್ತು ಇರುವುದಕ್ಕೆ 0.5, ಹಾಗಾಗಿ ಅದು ತಾನೇ ಗೆಲ್ಲುತ್ತದೆ. ಷರತ್ತಿರುವ ಎರಡು ಟೆಂಪ್ಲೇಟ್ ಒಂದೇ ಎಲಿಮೆಂಟ್‌ಗೆ ಹೊಂದುವಂತಿದ್ದರೆ ಮಾತ್ರ ‘ಪ್ರಯಾರಿಟಿ’ಯನ್ನು ನೀವೇ ಬರೆಯಿರಿ.